ಎಡಮೂಲೆಯ ಬೆರಳು

ಊರಿನ ಅರ್ಧ ಜನರ ಮೂಗಿನ ಮೇಲೆ ಕನ್ನಡಕ ಕೂರಿಸಿರುವ ನಮ್ಮ ಅಧ್ಯಕ್ಷರೇ, ಬಹುಕಾಲ ಪತ್ರಿಕಾ ಛಾಯಾಗ್ರಾಹಕರಾಗಿದ್ದು ಇಂದು ತೀರ್ಪುಗಾರರಾಗಿ ಬಂದಿರುವ ಹಿರಿಯರೇ, ಹಳೆಯ ಪುಟ್ಟ ಕ್ಯಾಮೆರಾಗಳ ಗೆಳೆಯರ ಬಳಗದ ಸದಸ್ಯರೇ, ಯಾರೋ ಕರೆದರೆಂದು ಬಂದು ಈಗ ಎದ್ದು ಹೋಗಲಾರದೆ ಕುಳಿತಿರುವ ಸಭಿಕರೇ,

ಮೊದಲ ಬಹುಮಾನ ಪಡೆದವರು ಎರಡು ಮಾತು ಆಡಬೇಕೆಂದು ಅಧ್ಯಕ್ಷರು ಅಪ್ಪಣೆ ಕೊಟ್ಟಿದ್ದಾರೆ. ಮೊದಲನೆಯ ಮಾತು, ಈ ಫೋಟೋ ನಾನು ತೆಗೆದದ್ದಲ್ಲ. ಎರಡನೆಯ ಮಾತು ಸ್ವಲ್ಪ ಉದ್ದವಾಗಿದೆ.

ಚಪ್ಪಾಳೆ ಬೇಡ. ವಿನಯಕ್ಕೆ ಹೇಳುತ್ತಿಲ್ಲ. ನನಗೆ ವಿನಯ ಕಡಿಮೆ ಎಂಬುದು ನನ್ನನ್ನು ಕೆಲಸದಿಂದ ಬಿಡಿಸಿದ ಎಲ್ಲ ಮಾಲೀಕರಿಗೂ ಗೊತ್ತು. ನಿಜವಾಗಿಯೂ ಈ ಫೋಟೋ ನನ್ನದಲ್ಲ. ಒಂದು ಗಂಟೆಯ ಹಿಂದೆ ಈ ಸಭಾಂಗಣದ ಒಳಗೆ ಕಾಲಿಟ್ಟು, ಆ ಹಲಗೆಯ ಮೇಲೆ ನೇತುಹಾಕಿದ್ದನ್ನು ನೋಡುವವರೆಗೆ ಇಂಥದೊಂದು ಫೋಟೋ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ನಾನು ಸ್ಪರ್ಧೆಗೆ ಕೊಟ್ಟ ಫೋಟೋ ಬೇರೆ. ಗೋಡೆಗೆ ಒರಗಿದ ಏಣಿ, ಅದರ ನೆರಳು. ಅದೂ ಇಲ್ಲೇ ಇದೆ. ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ನೇತಾಡುತ್ತಿದೆ. ಅವಸರದಲ್ಲಿ ಹೋಗುವವರು ನಿಂತು ನೋಡುವುದಿಲ್ಲ, ಬರುವವರು ಕೈ ಒರೆಸಿಕೊಳ್ಳುತ್ತಾ ಬರುತ್ತಾರೆ.

ಅನುಮಾನ ನನಗೆ ಮೊದಲೇ ಇತ್ತು. ಅಧ್ಯಕ್ಷರು ಫೋನ್ ಮಾಡಿದಾಗಲೇ ಬಂತು. "ಸೊಳ್ಳೆ, ನಿಂಗೇ ಫಸ್ಟ್ ಪ್ರೈಜ್ ಕಣೋ. ಮನೆಯವರನ್ನೂ ಕರ್ಕೊಂಡು ಬಾ" ಎಂದರು. "ಯಾಕೆ?" ಎಂದೆ. "ಯಾಕೆ ಅಂದ್ರೆ? ಚೆನ್ನಾಗಿದೆ ಅಂತ" ಎಂದರು. ನೀವೇ ಹೇಳಿ, ಏಣಿಯ ನೆರಳಿನಲ್ಲಿ ಚೆನ್ನಾಗಿರುವುದು ಏನಿದೆ? ನನಗೆ ಇಷ್ಟವಾಗಿತ್ತು, ಅಷ್ಟೆ. ನನಗೆ ಇಷ್ಟವಾದದ್ದು ಇನ್ನೊಬ್ಬರಿಗೂ ಇಷ್ಟವಾಗಿದೆ ಎಂದರೆ ನನಗೆ ನಿದ್ದೆ ಬರುವುದಿಲ್ಲ.

ಸೊಳ್ಳೆ ಎಂಬ ಹೆಸರು ಹೇಗೆ ಬಂತೆಂದು ಬಳಗದವರಿಗೆ ಗೊತ್ತು, ಹೊರಗಿನವರಿಗೆ ಹೇಳಿಬಿಡುತ್ತೇನೆ. ನನ್ನ ಕ್ಯಾಮೆರಾ ಮೊಬೈಲ್ ರಿಪೇರಿ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಸತ್ತ ಫೋನುಗಳ ನಡುವೆ ಮಲಗಿತ್ತು. ಹಳೆಯ ಡಿಜಿಟಲ್ ಕ್ಯಾಮೆರಾ, ಅಂಗಿಯ ಜೇಬಿಗೆ ಸರಿಯಾಗುತ್ತದೆ. ಅದರ ಲೆನ್ಸ್ ಬಿಚ್ಚಲು ಬರುವುದಿಲ್ಲ, ಮುಂದಕ್ಕೆ ಹೋಗುವುದಿಲ್ಲ, ಹಿಂದಕ್ಕೆ ಬರುವುದಿಲ್ಲ. ಝೂಮ್ ಎಂಬುದು ಅದರ ಜಾತಕದಲ್ಲೇ ಇಲ್ಲ. ಒಳಗೆಲ್ಲೋ ಒಂದು ಧೂಳಿನ ಕಣ ಸೇರಿಕೊಂಡಿದೆ. ನಾನು ತೆಗೆಯುವ ಪ್ರತಿ ಫೋಟೋದ ಬಲಮೇಲ್ಮೂಲೆಯಲ್ಲಿ ಒಂದು ಬೂದು ಚುಕ್ಕೆ ಬರುತ್ತದೆ, ಗೋಡೆಗೆ ಕೂತ ಸೊಳ್ಳೆಯ ಹಾಗೆ. ತೆಗೆಸೋಣವೆಂದರೆ ರಿಪೇರಿಯವನು, "ಬಿಚ್ಚಿದ್ರೆ ಬಿಚ್ಚಿದ್ದೇ. ಮತ್ತೆ ಕೂಡಲ್ಲ. ಸೊಳ್ಳೆ ಜೊತೆ ಬಾಳು" ಎಂದ. ಬಾಳುತ್ತಿದ್ದೇನೆ.

ಸುಖವಾಗಿಯೇ ಬಾಳುತ್ತಿದ್ದೇನೆ. ನಾನು ಪಾರ್ಸೆಲ್ ಹಂಚುವವನು. ದಿನಕ್ಕೊಂದು ಬೀದಿ, ನಿಮಿಷಕ್ಕೊಂದು ಬಾಗಿಲು. ಎಲ್ಲೂ ಕೂರದ ಕಾಲು ನನ್ನದು, ಶಾಲೆಯ ಬೆಂಚಿನಲ್ಲೂ ಕೂರಲಿಲ್ಲ. ಈ ಕ್ಯಾಮೆರಾ ನನ್ನ ಕಾಲಿಗೆ ತಕ್ಕ ಜೋಡಿ. ಮುಖ ದೊಡ್ಡದಾಗಿ ಬೇಕೇ, ನಡೆ. ಮನೆ ಪೂರ್ತಿ ಬೇಕೇ, ಹಿಂದೆ ಸರಿ, ಚರಂಡಿ ನೋಡಿಕೊ. ಅದರ ಪರದೆ ಗೀಚಿಹೋಗಿದೆ, ತೆಗೆದದ್ದು ಹೇಗೆ ಬಂದಿದೆಯೆಂದು ಆಗಲೇ ಕಾಣುವುದಿಲ್ಲ. ಮನೆಗೆ ಹೋಗುವವರೆಗೂ ಎಲ್ಲ ಫೋಟೋಗಳೂ ಚೆನ್ನಾಗಿಯೇ ಇರುತ್ತವೆ. ಇದಕ್ಕಿಂತ ಸಂತೋಷ ಬೇರೆ ಬೇಕೇ?

ಈ ಸಂತೋಷಕ್ಕೆ ಇತ್ತೀಚೆಗೆ ಕಲ್ಲು ಬಿದ್ದಿತ್ತು. ಯಾರೋ ನನ್ನ ಕ್ಯಾಮೆರಾ ಮುಟ್ಟುತ್ತಿದ್ದರು. ಬ್ಯಾಟರಿ ಬೇಗ ಖಾಲಿಯಾಗುತ್ತಿತ್ತು, ಆದರೆ ಒಳಗೆ ನನ್ನದಲ್ಲದ ಫೋಟೋ ಒಂದೂ ಉಳಿದಿರುತ್ತಿರಲಿಲ್ಲ. ನಾನು ಹೇಗೆಂದರೆ ಹಾಗೆ ಬಿಸಾಡಿದ ಕ್ಯಾಮೆರಾದ ಪಟ್ಟಿ ಬಿಗಿಯಾಗಿ ಸುತ್ತಿಕೊಂಡು, ತುದಿ ಒಳಗೆ ಸಿಕ್ಕಿಸಿಕೊಂಡು ಕೂತಿರುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಲೆನ್ಸ್ ಒರೆಸಿರುತ್ತಿತ್ತು. ನಮ್ಮ ವಸ್ತು ನಾವು ಇಟ್ಟದ್ದಕ್ಕಿಂತ ಶುಚಿಯಾಗಿ ಸಿಕ್ಕರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ನಾನು ಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಅಕ್ಕನಿಗೆ ಹೇಳಿದೆ: "ಯಾರು ಬೇಕಾದ್ರೂ ತೆಗೀಲಿ. ಕೆಳಗೆ ಮಾತ್ರ ಬೀಳಿಸ್ಬೇಡಿ." ಯಾರೂ ನಾನಲ್ಲ ಎನ್ನಲಿಲ್ಲ, ನಾನೇ ಎನ್ನಲೂ ಇಲ್ಲ. ಅಮ್ಮ ಮಾತ್ರ, "ಊಟ ಮಾಡೋ, ಪೊಲೀಸು" ಎಂದಳು.

ಈಗ ಆ ಬಹುಮಾನದ ಫೋಟೋ ನೋಡಿ. ಬಲಮೇಲ್ಮೂಲೆಯಲ್ಲಿ ಸೊಳ್ಳೆ ಇದೆ. ಆದ್ದರಿಂದ ಕ್ಯಾಮೆರಾ ನನ್ನದೇ, ಅನುಮಾನವಿಲ್ಲ. ಫೋಟೋದಲ್ಲಿರುವವಳು ನನ್ನಮ್ಮ. ಮೂರನೆಯ ಸಾಲಿನಲ್ಲಿ ಈಗ ನೆಲ ನೋಡುತ್ತಿರುವವಳೂ ಅವಳೇ. ಫೋಟೋದಲ್ಲಿ ಅವಳು ನಗುತ್ತಿದ್ದಾಳೆ. ಅಮ್ಮನ ಮುಂದಿನ ಹಲ್ಲೊಂದು ಅರ್ಧ ಮುರಿದಿದೆ. ನಗು ಬಂದರೆ ಬಾಯಿಗಿಂತ ಮೊದಲು ಕೈ ಏಳುತ್ತದೆ. ಅವಳ ಹಲ್ಲನ್ನು ನಾನೇ ಸರಿಯಾಗಿ ನೋಡಿಲ್ಲ. ಇಲ್ಲಿ ಕೈ ಎದ್ದಿದೆ, ಇನ್ನೂ ಬಾಯಿ ಮುಟ್ಟಿಲ್ಲ. ನಡುವೆ ಒಂದು ಚಿಟಿಕೆಯಷ್ಟು ಸಮಯ. ಆ ಚಿಟಿಕೆಯಲ್ಲಿ ಯಾರೋ ಗುಂಡಿ ಒತ್ತಿದ್ದಾರೆ.

ಯಾರು?

ತೀರ್ಪುಗಾರರು ಆಗಲೇ ಈ ಫೋಟೋವನ್ನು ಬಹಳ ಹೊಗಳಿದರು. ಎಡಮೂಲೆಯಲ್ಲಿ ಕಾಣುವ ಕೆಂಪು ಮಂಜನ್ನು ಕೋಲಿನಿಂದ ತೋರಿಸಿ, "ಮುಚ್ಚಿಟ್ಟ ದುಃಖವೊಂದು ನಗುವಿನ ಅಂಚಿಗೆ ಬಂದು ನಿಂತಿದೆ" ಎಂದರು. ಹಿರಿಯರ ಕ್ಷಮೆ ಕೇಳುತ್ತೇನೆ. ಅದು ಬೆರಳು. ಪುಟ್ಟ ಕ್ಯಾಮೆರಾ ಹಿಡಿದು ರೂಢಿಯಿಲ್ಲದವರ ಎಡಗೈ ತೋರುಬೆರಳು ಲೆನ್ಸಿನ ಮುಂದೆ ಬರುತ್ತದೆ. ಬಳಗದಲ್ಲಿ ಅರ್ಧ ಜನರ ಬಳಿ ಇಂಥ ಮುಚ್ಚಿಟ್ಟ ದುಃಖ ರಾಶಿಗಟ್ಟಲೆ ಇದೆ.

ಅಧ್ಯಕ್ಷರು ಮುಂದಿನ ವರ್ಷದ ಯೋಜನೆಗಳನ್ನು ಓದುತ್ತಿದ್ದಾಗ ನಾನು ಇಲ್ಲಿ ಕುಳಿತು ಆ ಬೆರಳಿನ ಯಜಮಾನನನ್ನು ಹುಡುಕುತ್ತಿದ್ದೆ. ಯೋಜನೆಗಳನ್ನು ಕೇಳಿಸಿಕೊಳ್ಳಲಿಲ್ಲ, ಮನ್ನಿಸಿ. ಮೊದಲ ಅನುಮಾನ ಭಾವನ ಮೇಲೆ. ಭಾವನಿಗೆ ನನ್ನನ್ನು ಉದ್ಧಾರ ಮಾಡುವ ಹಟವಿದೆ. ಆದರೆ ಭಾವನ ಆ ಬೆರಳಿನಲ್ಲಿ ದಪ್ಪ ಉಂಗುರವಿದೆ, ಇಲ್ಲಿ ಮಿಂಚಿಲ್ಲ. ಅಲ್ಲದೆ ಭಾವ ಫೋಟೋ ತೆಗೆದರೆ ಎಲ್ಲರೂ ಅಪರಾಧಿಗಳ ಹಾಗೆ ಸಾಲಾಗಿ ನಿಂತಿರುತ್ತಾರೆ. ಎರಡನೆಯವಳು ಅಕ್ಕ. ಅವಳ ಎರಡು ಬೆರಳು ಸೇರಿಸಿದರೂ ಇಷ್ಟು ದಪ್ಪವಾಗುವುದಿಲ್ಲ. ನನ್ನ ಬೆರಳೇ ಇರಬಹುದೇ, ತೆಗೆದು ಮರೆತೆನೇ ಎಂದೂ ಯೋಚಿಸಿದೆ. ಸಾಧ್ಯವಿಲ್ಲ. ಯಾಕೆಂದರೆ ಅಮ್ಮನ ಮುಖ ಚೌಕಟ್ಟು ತುಂಬ ಇದೆ, ಮೂಗು ಸ್ವಲ್ಪ ಮುಂದೆ ಬಂದಿದೆ, ಕಿವಿ ಹಿಂದೆ ಸರಿದಿದೆ. ಈ ಲೆನ್ಸಿನಲ್ಲಿ ಹೀಗೆ ಬರಬೇಕಾದರೆ ಕೈ ಚಾಚಿದರೆ ಕೆನ್ನೆ ಮುಟ್ಟುವಷ್ಟು ಹತ್ತಿರ ಇರಬೇಕು. ನಾನು ಅಷ್ಟು ಹತ್ತಿರ ಹೋದಾಗಲೆಲ್ಲ ಅಮ್ಮ, "ದೂರ ಹೋಗೋ, ಮುಖದೊಳಗೇ ನುಗ್ತೀಯಲ್ಲ" ಎಂದು ತಳ್ಳಿದ್ದಾಳೆ. ಇನ್ನೊಂದು ಗಮನಿಸಿ. ಗಲ್ಲದ ಅಡಿಭಾಗ ಕಾಣುತ್ತಿದೆ. ತೆಗೆದವರು ತಗ್ಗಿನಲ್ಲಿ ಕೂತಿದ್ದರು. ಹಿಂದೆ ಕಾಣುವುದು ನಮ್ಮ ಹಿತ್ತಲ ಬಾಗಿಲು. ಆ ಬಾಗಿಲ ಬಳಿ ತಗ್ಗಿನ ಒಂದೇ ಒಂದು ಮಣೆ ಇದೆ. ಅದರ ಮೇಲೆ ಕೂತು ದಿನಾ ಬೂಟು ಹಾಕಿಕೊಳ್ಳುವವನು ನಮ್ಮಪ್ಪ.

ಅಪ್ಪನನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಪ್ಪ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸದವನು. ಕಬ್ಬಿಣ, ಹಿತ್ತಾಳೆ ಕೊಟ್ಟರೆ ಕಡೆದು ಕೊಡುತ್ತಾನೆ. ನನ್ನ ಕ್ಯಾಮೆರಾಗೆ ಅವನು ಇಟ್ಟ ಹೆಸರು ತಗಡಿನ ಡಬ್ಬಿ. ಮೇಲಾಗಿ ಇನ್ನೊಬ್ಬರ ವಸ್ತುವಿನ ವಿಷಯದಲ್ಲಿ ಅವನಷ್ಟು ಬಿಗಿ ಮನುಷ್ಯನನ್ನು ನಾನು ನೋಡಿಲ್ಲ. ಚಿಕ್ಕವನಿದ್ದಾಗ ಅವನಿಗೆ ಬುತ್ತಿ ಕೊಡಲು ಕಾರ್ಖಾನೆಗೆ ಹೋಗಿದ್ದೆ. ಊಟದ ಬಿಡುವಿನಲ್ಲಿ ಬಿಸಾಡಿದ ಹಿತ್ತಾಳೆ ಚೂರಿನಿಂದ ಒಂದು ಬುಗುರಿ ಕಡೆದ. ನೆಲಕ್ಕೆ ಬಿಟ್ಟರೆ ತಿರುಗುವುದೇ ಕಾಣುತ್ತಿರಲಿಲ್ಲ, ನಿಂತ ಹಾಗೆಯೇ ಇರುತ್ತಿತ್ತು. ನಾನು ಜೇಬಿಗೆ ಹಾಕಿಕೊಂಡೆ. ಅಪ್ಪ ಜೇಬಿನಿಂದ ತೆಗೆದು ಮಾಲೀಕರ ಮೇಜಿನ ಮೇಲೆ ಇಟ್ಟ. "ನೀನ್ ಮಾಡಿದ್ದಲ್ವಾ?" ಎಂದು ಅತ್ತೆ. "ಮಾಡಿದ್ದು ನಾನು. ಲೇತ್ ಅವ್ರದ್ದು. ಲೇತ್ ಯಾರ್ದೋ ಬುಗುರೀನೂ ಅವ್ರದ್ದೇ" ಎಂದ. ಮಾಲೀಕರ ಮಗ ಅದನ್ನು ಬಹಳ ದಿನ ಆಡಿಸಿದ. ಎಂಥ ಅಪ್ಪ ನೋಡಿ, ಎಂದು ನಾನು ಈ ಕಥೆಯನ್ನು ಎಷ್ಟೋ ಜನರಿಗೆ ಹೇಳಿ ನಗಿಸಿದ್ದೇನೆ.

ಹಾಗಾದರೆ ಇಂಥವನು ನನ್ನ ಕ್ಯಾಮೆರಾ ಮುಟ್ಟಿದ್ದೇಕೆ? ಮುಟ್ಟಿ, ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂದೆ ನನ್ನ ಹೆಸರು ಬರೆದು ಸ್ಪರ್ಧೆಗೆಂದು ಅಧ್ಯಕ್ಷರ ಕನ್ನಡಕದ ಅಂಗಡಿಗೆ ಕೊಟ್ಟಿದ್ದೇಕೆ? ಅಕ್ಷರ ಅವನದೇ, ಈಗ ಮೈಕಿಗೆ ಬರುವ ದಾರಿಯಲ್ಲಿ ಹಲಗೆಯ ಹಿಂದೆ ಇಣುಕಿ ನೋಡಿ ಬಂದಿದ್ದೇನೆ. ಈ ಪ್ರಶ್ನೆಗೆ ನನ್ನ ಬಳಿ ಉತ್ತರ ಸಿದ್ಧವಾಗಿತ್ತು. ಅದೇ ಕೋಪದಲ್ಲಿ ಈ ಮೈಕಿನ ಮುಂದೆ ಬಂದೆ.

ಶಾಲೆಯಲ್ಲಿ ಒಮ್ಮೆ ಗಣಿತದ ಪರೀಕ್ಷೆಯಲ್ಲಿ ಅರ್ಧ ಕಾಗದ ಖಾಲಿ ಬಿಟ್ಟು ಬಂದಿದ್ದೆ. ಗೊತ್ತಿರಲಿಲ್ಲ, ಬಿಟ್ಟೆ. ಕಾಗದ ವಾಪಸ್ ಬಂದಾಗ ನೋಡಿದರೆ ಪಾಸು. ಹಿಂದಿನ ದಿನ ಅಪ್ಪ ಮುಖ್ಯೋಪಾಧ್ಯಾಯರ ಕೋಣೆಯಿಂದ ಹೊರಬಂದದ್ದನ್ನು ನಾನೇ ಕಂಡಿದ್ದೆ. ಮನೆಗೆ ಬಂದು ಕೇಳಿದೆ. "ಮಾರ್ಕ್ಸ್ ಕೇಳೋಕೆ ಹೋಗಿದ್ಯಾ?" ಅಪ್ಪ ಬೂಟು ಬಿಚ್ಚುತ್ತಿದ್ದ. "ಇಲ್ಲ. ಸ್ಕೂಲ್ ಗಂಟೆ ಕೊಂಡಿ ಸವೆದಿತ್ತು. ಹೊಸದು ಮಾಡಿ ಕೊಟ್ಬಂದೆ" ಎಂದ. ಮರುದಿನ ನೋಡಿದೆ, ಗಂಟೆಗೆ ಹೊಸ ಕೊಂಡಿ ಇತ್ತು, ನಿಜ. ಕೊಂಡಿ ಕೊಟ್ಟು ಪಾಸು ತಂದಿದ್ದಾನೆ ಎಂದುಕೊಂಡೆ. ಉತ್ತರಪತ್ರಿಕೆಯನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟು, ನನ್ನದಲ್ಲದ ಅಂಕ ನನಗೆ ಬೇಡ ಎಂದು ಹೇಳಿ ಹೊರಗೆ ಬಂದವನು ಮತ್ತೆ ಶಾಲೆಗೆ ಹೋಗಲಿಲ್ಲ. ಅಂದಿನಿಂದ ನಾನೂ ಅಪ್ಪನೂ ಅಕ್ಕನ ಮೂಲಕ ಮಾತಾಡುತ್ತೇವೆ. "ಅವನಿಗೆ ಹೇಳು, ಸೈಕಲ್ ಬ್ರೇಕ್ ಹಿಡೀತಿಲ್ಲ ಅಂತ." "ಅವರಿಗೆ ಹೇಳು, ನಂಗೊತ್ತು ಅಂತ." ಕೆಲವು ವಾರಗಳ ಹಿಂದೆಯೂ ಊಟಕ್ಕೆ ಕೂತಾಗ ಅಪ್ಪ ಅಕ್ಕನನ್ನು ಕೇಳಿದ: "ಆ ಡಬ್ಬೀಲಿರೋದನ್ನ ಕಾಗದಕ್ಕೆ ಎಲ್ಲಿ ಇಳಿಸ್ತಾರೆ?" ನಾನು ಎದುರಿಗೇ ಇದ್ದೆ. ತಟ್ಟೆ ನೋಡಿಕೊಂಡು ಉಂಡೆ.

ಆದ್ದರಿಂದ ನಾನು ಹೇಳಬೇಕೆಂದು ತಂದ ಮಾತು ಇಷ್ಟೇ ಇತ್ತು: ಸಭಿಕರೇ, ನನ್ನಪ್ಪ ಮತ್ತೆ ನನ್ನ ಹೆಸರಿಗೆ ನನ್ನದಲ್ಲದ್ದನ್ನು ಅಂಟಿಸಿದ್ದಾನೆ, ನನ್ನ ಹೆಸರು ಕೆತ್ತಿದ ಈ ಬಹುಮಾನದ ಕಪ್ಪು ವಾಪಸ್ ತೆಗೆದುಕೊಳ್ಳಿ. ಇಷ್ಟು ಹೇಳಿ ಇಳಿದುಹೋಗುವವನಿದ್ದೆ. ನಡುವೆ ಆ ಬುಗುರಿಯ ಕಥೆ ಹೇಳಬಾರದಿತ್ತು. ನಿಮ್ಮನ್ನು ನಗಿಸೋಣ ಎಂದು ಹೇಳಿದೆ. ನೀವು ನಕ್ಕಿರಿ. ನನಗೆ ಮಾತ್ರ ಅಪ್ಪನ ಆ ಮಾತು ಈಗ ಬೇರೆಯಾಗಿ ಕೇಳಿಸಿತು. ಸ್ವಲ್ಪ ನೀರು ಕುಡಿಯುತ್ತೇನೆ.

ಲೇತ್ ಯಾರದೋ ಬುಗುರಿಯೂ ಅವರದೇ.

ಸಭಿಕರೇ, ಅವನು ನನ್ನನ್ನು ಗೆಲ್ಲಿಸಲು ಹೆಸರು ಬರೆದಿಲ್ಲ. ಕ್ಯಾಮೆರಾ ನನ್ನದು, ಆದ್ದರಿಂದ ಫೋಟೋ ನನ್ನದು ಎಂದು ಬರೆದಿದ್ದಾನೆ. ಜೀವಮಾನವೆಲ್ಲ ಇನ್ನೊಬ್ಬರ ಯಂತ್ರದಲ್ಲಿ ಕಡೆದವನಿಗೆ ಬೇರೆ ಹೆಸರು ಬರೆಯಬಹುದೆಂದು ಹೊಳೆದೂ ಇರುವುದಿಲ್ಲ. ಸ್ವಂತ ಮಗನಿಗೆ ಒಂದು ಬುಗುರಿ ಕೊಡದವನು, ಕದ್ದ ಅಂಕ ತಂದುಕೊಡುತ್ತಾನೆಯೇ? ಹಾಗಾದರೆ ಆ ಪಾಸು ಕೊಟ್ಟವರು ಯಾರು, ಮೇಷ್ಟರೇ ಕನಿಕರಪಟ್ಟರೇ, ಕೂಡುವುದರಲ್ಲಿ ತಪ್ಪಿದರೇ? ಅದನ್ನು ನಿಮ್ಮ ಮುಂದೆ ಕೇಳುವುದಿಲ್ಲ. ಮನೆಗೆ ಹೋಗಿ ಕೇಳುತ್ತೇನೆ, ಅಕ್ಕನ ಮೂಲಕ ಅಲ್ಲ.

ಅಪ್ಪ ಬಂದಿದ್ದಾನೆ. ಕುರ್ಚಿ ಖಾಲಿ ಇದ್ದರೂ ಕೂತಿಲ್ಲ, ಹಿಂದೆ ಬಾಗಿಲ ಬಳಿ ಕೈ ಕಟ್ಟಿಕೊಂಡು ನಿಂತಿದ್ದಾನೆ. ತೋರುಬೆರಳು ಕಂಕುಳಲ್ಲಿ ಅಡಗಿಸಿಕೊಂಡಿದ್ದಾನೆ, ಅದನ್ನೂ ಗಮನಿಸಿದ್ದೇನೆ.

ಅಪ್ಪಾ, ಲೇತಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ಡಬ್ಬಿಯಲ್ಲಿ ಲೆನ್ಸ್ ಮುಂದೆ ಹೋಗುವುದಿಲ್ಲ, ಮನುಷ್ಯ ಹೋಗಬೇಕು. ಹತ್ತಿರ ಹೋದವನದ್ದು ಫೋಟೋ. ಅಮ್ಮನನ್ನು ನಗಿಸಲು ನೀನು ಏನು ಹೇಳಿದೆ ಎಂಬುದು ನನಗೆ ಗೊತ್ತಿಲ್ಲ. ನಿನಗೆ ಹಾಗೆ ಮಾತಾಡಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಅಧ್ಯಕ್ಷರೇ, ಕಪ್ಪಿನ ಮೇಲಿನ ಹೆಸರು ಬದಲಾಯಿಸಿ. ಕೆತ್ತುವವರು ಸಿಗದಿದ್ದರೆ ಚಿಂತೆ ಬೇಡ, ಗೆದ್ದವನೇ ಲೇತಿಗೆ ಹಾಕಿ ನನ್ನ ಹೆಸರನ್ನು ಕಡೆದು ತೆಗೆಯುತ್ತಾನೆ. ತೀರ್ಪುಗಾರರಿಗೆ ನನ್ನ ವಂದನೆ. ಅವರು ಬೆರಳನ್ನು ತಪ್ಪು ಓದಿದರೂ ಫೋಟೋವನ್ನು ಸರಿಯಾಗಿ ಓದಿದರು. ಇಷ್ಟು ಹೊತ್ತು ನಮ್ಮ ಮನೆಯ ವಿಷಯ ಕೇಳಿಸಿಕೊಂಡ ನಿಮಗೂ ವಂದನೆ. ದಾರಿ ಬಿಡಿ, ಕ್ಯಾಮೆರಾ ಜೇಬಿನಲ್ಲೇ ಇದೆ. ಬಾಗಿಲ ಬಳಿ ನಿಂತಿರುವವನೇ, ಹೊರಗೆ ಹೋಗಬೇಡ, ಅಲ್ಲೇ ಇರು. ಇದರಲ್ಲಿ ಝೂಮ್ ಇಲ್ಲ. ನಾನೇ ಅಲ್ಲಿಯವರೆಗೂ ಬರಬೇಕು.

ನಮಸ್ಕಾರ.