ಹಸಿದ ಹೆಡ್‌ಫೋನು, ರಾದಿವೊಯ್ ಮೀಸೆ

ಹಲೋ... ಹಲೋ, ಯಾರು? ಯಾರಪ್ಪಾ ಮಾತಾಡ್ತಿರೋದು? ಸ್ವಲ್ಪ ಗಟ್ಟಿಯಾಗಿ ಹೇಳು, ಇಲ್ಲಿ ಬಾಲ್ಕನೀಲಿ ನಮ್ಮ ಮನೆಯೋಳು ದೆಸಾಂಕಾ ಚಳಿಗಾಲಕ್ಕೆ ಅಂತ ಕೆಂಪು ಮೆಣಸಿನಕಾಯಿ ಸುಡ್ತಿದಾಳೆ, ಬರೀ ಚಟಪಟ...

ಓ, ವುಕಾಶಿನ್. ಅಲ್ಲ, ಗುರುತು ಸಿಕ್ತು ಕಣೋ, ಸಿಗದೆ ಏನು. ಈ ಝ್ರೆನ್ಯಾನಿನ್ ಊರಲ್ಲಿ ರಾದಿವೊಯ್ ಕಿವಿಯಂಥ ಕಿವಿ ಇನ್ನೊಂದಿದ್ಯಾ? ಮೂವತ್ತು ವರ್ಷ ಥಿಯೇಟರಿನ ಸೌಂಡು ನೋಡ್ಕೊಂಡ ಕಿವಿ. ಎದುರಿಗಿರೋನು ಹಲ್ಲು ಕಚ್ಚಿದ್ರೂ ಕೇಳಿಸುತ್ತೆ ನನಗೆ. ಯಾಕೆ ನಿನ್ನ ಸ್ವರ ಇಷ್ಟು ಸಣ್ಣಗಾಗಿದೆ? ಯಾರಾದ್ರೂ ಹೋದ್ರಾ?...

ಹಾಂ... ಹಾಂ... ಆಂಪ್ಲಿಫೈಯರಾ? ಅಷ್ಟೇನಾ? ದೆಸಾಂಕಾ, ಯಾರೂ ಸತ್ತಿಲ್ಲ, ವುಕಾಶಿನ್‌ಗೆ ಹೆಡ್‌ಫೋನಿಗೆ ಹಾಕೋ ಆಂಪ್ಲಿಫೈಯರ್ ಬೇಕಂತೆ. ನೀನು ಸಿಪ್ಪೆ ಸುಲಿ... ಹಾಂ, ಹೇಳು. ಯಾವ ಹೆಡ್‌ಫೋನು?...

ಅಯ್ಯೋ ದೇವರೇ. ಅದನ್ನೇ ತಗೊಂಡ್ಯಾ? ಕಿವಿಗೊಂದೊಂದು ಊಟದ ತಟ್ಟೆ ಕಟ್ಕೊಂಡ ಹಾಗಿರುತ್ತಲ್ಲ, ಅದೇ ಅಲ್ವಾ? ಒಳಗೆ ಈರುಳ್ಳಿ ಪೊರೆಯಂಥ ಹಾಳೆ, ಅದರ ಅಕ್ಕಪಕ್ಕ ಅಯಸ್ಕಾಂತದ ಸಾಲು... ಹಾಂ, ಅದೇ. ಹಾಗಾದ್ರೆ ಕತ್ತುನೋವಿನ ಮುಲಾಮೂ ತಂದಿಟ್ಕೋ.

ಓಮ್ ಎಷ್ಟು ಅಂತ ಬರೆದಿದಾರೆ?... ಐವತ್ತು. ಸರಿ. ಒಂದು ಮಿಲಿವ್ಯಾಟ್ ಕೊಟ್ರೆ ಎಷ್ಟು ಡೆಸಿಬೆಲ್?... ಎಷ್ಟು?... ಎಂಬತ್ಮೂರು. ಬರೀ ಎಂಬತ್ಮೂರು. ಮಗನೇ, ಒಂದು ಬಂಡಿ ಹುಲ್ಲು ಮೇಯ್ದು ಒಂದು ಲೋಟ ಹಾಲು ಕೊಡೋ ಹಸು ಕಟ್ಕೊಂಡಿದೀಯ ನೀನು. ಇದನ್ನ ತಗೋ ಅಂತ ಯಾವ ಪುಣ್ಯಾತ್ಮ ಹೇಳಿದ್ದು?...

ಮಿಲೆಂತಿಯೆನಾ? ಬೇಕರಿ ಮಿಲೆಂತಿಯೆ? ಹೋಗಿ ಹೋಗಿ ಅವನ ಮಾತು ಕೇಳಿದ್ಯಾ?...

ಅವನು ಆಂಪ್ಲಿಫೈಯರ್ ಸುಟ್ಟ ಕತೆ ನಿನಗೆ ಗೊತ್ತಿಲ್ವಾ? ಕೇಳು. ಅವನ ಹೆಡ್‌ಫೋನಿಗೂ ಬಲ ಸಾಲ್ತಿಲ್ಲ ಅಂತ ಸ್ಪೀಕರಿಗೆ ಹಾಕೋ ದೊಡ್ಡ ಆಂಪ್ಲಿಫೈಯರ್ ತಂದ. ತಪ್ಪಲ್ಲ, ಹಸಿವು ಜಾಸ್ತಿ ಇರೋ ಹೆಡ್‌ಫೋನಿಗೆ ಹಾಗೆ ಮಾಡೋರಿದಾರೆ. ಆದ್ರೆ ಅದು ಎಡಕ್ಕೆರಡು ಬಲಕ್ಕೆರಡು ತಂತಿ ಬೇರೆ ಬೇರೆ ಕೇಳೋ ಜಾತಿ, ಎರಡು ಮೈನಸ್ಸು ಒಂದಕ್ಕೊಂದು ಮುಟ್ಟಬಾರದು. ಇವನು ಹಿಟ್ಟು ನಾದೋ ಕೈ ನೋಡು, ಎರಡನ್ನೂ ಸೇರಿಸಿ ಹೊಸೆದು ಸಿಕ್ಕಿಸಿದ. ಬೇಕರಿ ತುಂಬ ಹೊಗೆ. ಒಲೇಲಿದ್ದ ಬುರೆಕ್ ಕರಕಲಾಯ್ತು ಅಂತ ಗಿರಾಕಿಗಳು ಎದ್ದು ಹೋದ್ರಂತೆ. ಆಮೇಲೆ ಕೇಳಿದೋರಿಗೆ ಏನಂದ ಗೊತ್ತಾ? ಆ ಆಂಪ್ಲಿಫೈಯರ್ರೇ ಸರಿಯಿರಲಿಲ್ಲ, ಸುಟ್ಟಿದ್ದೇ ಒಳ್ಳೇದಾಯ್ತು ಅಂದನಂತೆ. ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಆ ವಂಶದೋನು ಅವನು...

ಹಾಂ? ಈ ಭಾನುವಾರ ನಿಮ್ಮ ಹಾಡು ಕೇಳೋ ಕೂಟ ನಿಮ್ಮನೇಲಾ? ಚರ್ಚು ಮುಗಿಸ್ಕೊಂಡು ಎಲ್ಲಾ ಅಲ್ಲಿಗೇ ಬರ್ತಾರಾ?... ಹೋದ ಸಲ ನಿನ್ನ ಹೆಡ್‌ಫೋನು ಹಾಕ್ಕೊಂಡು ನಕ್ರಾ? ಯಾರು, ಮಿಲೆಂತಿಯೆನೇ?... ತಗೋ ಅಂದೋನೂ ಅವನೇ, ನಗೋನೂ ಅವನೇ. ಏನಂದ?... ಸೊಳ್ಳೆ ಕಚೇರಿ ಅಂದ್ನಾ?... ಈ ಸಲವೂ ಹಾಗೇ ಇದ್ರೆ ಇನ್ಮೇಲೆ ಕೂಟಕ್ಕೆ ಬರೋದು ಬೇಡ ಅಂದ್ರಾ?

ಲೋ, ಇದು ನಿನ್ನೊಬ್ಬನ ಮರ್ಯಾದೆ ಅಲ್ಲ. ನೀನು ಕೂಸಾಗಿದ್ದಾಗ ನಿನ್ನ ತಲೆಯ ಮೊದಲ ಕೂದಲು ಕತ್ತರಿಸಿದ ಕುಮ್ ನಾನು, ಅಂದ್ರೆ ಧರ್ಮದ ಅಪ್ಪ, ನಿನ್ನ ಧರ್ಮಪ್ಪ. ನಿನ್ನನ್ನ ನೋಡಿ ನಕ್ರೆ ನನ್ನ ಕತ್ತರಿ ನೋಡಿ ನಕ್ಕ ಹಾಗೆ. ಬಿಡಲ್ಲ. ಈಗ ದಿನಾ ಯಾವುದಕ್ಕೆ ಸಿಕ್ಕಿಸಿ ಕೇಳ್ತಿದೀಯ, ಅದು ಹೇಳು...

ಯಾಕೋ ಕೆಮ್ತೀಯ? ನಿನ್ನ ಮದುವೆಗೆ ನಾನು ಕಟ್ಟಿಕೊಟ್ಟ ಆಂಪ್ಲಿಫೈಯರ್ ಮಾತಲ್ಲ ಕಣೋ. ಅದು ಗಾಜಿನ ಬೀರುನಲ್ಲಿ ಕ್ರೋಶಾ ಬಟ್ಟೆ ಮೇಲೆ ಕೂತಿರುತ್ತೆ, ನಿನ್ನ ಹೆಂಡತಿ ಹಬ್ಬಕ್ಕೊಂದ್ಸಲ ಧೂಳು ಒರೆಸ್ತಾಳೆ. ಧರ್ಮಪ್ಪನ ಉಡುಗೊರೆ ಎಲ್ಲಾರ ಮನೇಲೂ ಹಾಗೇ ತಾನೇ. ನಾನು ಕೇಳಿದ್ದು ನೀನು ಕೇಳೋಕೆ ಇಟ್ಕೊಂಡಿರೋದನ್ನ...

ಹೆಸರು ಬೇಡ ಅಂತೀಯಾ? ಸರಿ ಬಿಡು. ರೋಗ ಹೇಳು, ರೋಗಿ ಹೆಸರು ಯಾಕೆ. ನಾಬ್ ಎಲ್ಲಿವರೆಗೆ ತಿರುಗಿಸ್ತೀಯ?... ಕೊನೆವರೆಗಾ? ಆದ್ರೂ ಸಾಲಲ್ವಾ?... ಡೋಲು ಬಡಿದ್ರೆ?... ಒದ್ದೆ ರಟ್ಟಿಗೆ ತಟ್ಟಿದ ಹಾಗೆ. ಹಾಂ. ಒಬ್ಬಳೇ ಹಾಡಿದ್ರೆ ಚೆನ್ನಾಗಿರುತ್ತೆ, ತುತ್ತೂರಿ ತಂಡ ಪೂರ್ತಿ ಬಂದ್ರೆ ಉಸಿರು ಕಟ್ಟುತ್ತೆ, ಅಲ್ವಾ?... ಅಲ್ವಾ ಮತ್ತೆ. ಮೈ ಸುಡುತ್ತಾ?... ವಾಲ್ವಿಂದಾ? ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇದ್ಯಾ?... ಅದೂ ಇಲ್ಲ. ಮುಗೀತು ಕತೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಬಿಟ್ಕೊಂಡು ಕೂತಿದೀಯ. ನಿನ್ನ ತಟ್ಟೆಗಳಿಗೆ ಕರೆಂಟು ಹೊಳೆ ಹರಿದ ಹಾಗೆ ಹರೀಬೇಕು. ಇದು ತೊಟ್ಟಿಕ್ಕುತ್ತೆ.

ಏನು? ಅಂಗಡೀಲಿ ನೋಡಿದ್ದು ನಾಬ್ ಕಾಲು ಸುತ್ತು ತಿರುಗಿಸಿದ್ರೇ ಕಿರುಚಿಕೊಳ್ತಾ?... ಅದಕ್ಕೇ ಬಲ ಜಾಸ್ತಿ ಅಂದ್ಕೊಂಡ್ಯಾ? ಅಲ್ವೋ, ನಲ್ಲಿ ಚೂರು ತಿರುಗಿಸಿದ ತಕ್ಷಣ ನೀರು ಚಿಮ್ಮಿದ್ರೆ ಮೇಲಿನ ತೊಟ್ಟಿ ದೊಡ್ಡದು ಅಂತಾನಾ? ಅಂಗಡಿಯೋನು ಕಾಲು ಸುತ್ತಿಗೇ ಕೂಗೋ ಹಾಗೆ ಮಾಡಿಟ್ಟಿರ್ತಾನೆ, ನಿನ್ನಂಥೋರು ಬಾಯಿ ಬಿಡ್ಲಿ ಅಂತ. ಐವತ್ತು ಓಮಿಗೆ ಎಷ್ಟು ವ್ಯಾಟ್ ಕೊಡುತ್ತೆ ಅಂತ ಕೇಳಬೇಕು. ಎರಡಕ್ಕಿಂತ ಕಮ್ಮಿ ಅಂದ್ರೆ ನಮಸ್ಕಾರ ಹೇಳಿ ಎದ್ದು ಬರಬೇಕು. ಎತ್ತಿ ನೋಡು, ಹಗುರವಾಗಿದ್ರೆ ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇಲ್ಲ ಅಂತ. ಎರಡನ್ನ ಹೋಲಿಸೋವಾಗ ಎರಡರ ಸದ್ದೂ ಒಂದೇ ಸಮ ಇಡು. ಜೋರಾಗಿ ಕೂಗಿದ್ದೇ ಚೆನ್ನಾಗಿದೆ ಅನ್ಸೋದು ಕತ್ತೆಗಳಿಗೂ ಅಷ್ಟೆ, ನಿಮ್ಮ ಕೂಟಕ್ಕೂ ಅಷ್ಟೆ...

ಇರ್ಲಿ, ಈಗಿರೋದನ್ನ ಕಟ್ಟಿದ್ದು ಯಾರು?... ಈ ಊರೋನೇನಾ?... ಹೇಳೋಕೆ ಮುಜುಗರನಾ? ಒಳ್ಳೆ ಮನುಷ್ಯನಾ? ಒಳ್ಳೆ ಮನುಷ್ಯ ಆದ್ರೆ ಚರ್ಚಲ್ಲಿ ಮೇಣದಬತ್ತಿ ಹಚ್ಚಲಿ, ತಂತಿಗೆ ಬೆಸುಗೆ ಹಾಕೋ ಸೋಲ್ಡರ್ ಯಾಕೆ ಮುಟ್ತಾನೆ. ಅವನು ಕಟ್ಟಿರೋದು ಆಂಪ್ಲಿಫೈಯರ್ ಅಲ್ಲ, ಇಸ್ತ್ರಿಪೆಟ್ಟಿಗೆ. ಬೆಗೆಯ್ ಹೊಳೆಗೆ ಎಸಿ ಅದನ್ನ...

ನೋಡದೇ ಹೇಗೆ ಹೇಳ್ತೀರಿ ಅಂತೀಯಾ? ನೋಡೋದೇ ಬೇಡ. ಸೋಲ್ಡರ್ ಕಡ್ಡಿ ಹಿಡಿಯೋಕೆ ಬರೋ ಮನುಷ್ಯ ಅದನ್ನ ಕಟ್ಟಿದ್ದು ಅಂತ ಗೊತ್ತಾದ್ರೆ ಈ ರಾದಿವೊಯ್ ತನ್ನ ಮೀಸೆ ಬೋಳಿಸ್ಕೊಳ್ತಾನೆ. ಕೇಳಿಸ್ಕೊಂಡ್ಯಾ? ಮಿಲಿಟರೀಲೂ ತೆಗೀದೇ ಇದ್ದ ಮೀಸೆ. ದೆಸಾಂಕಾ, ನೀನೇ ಸಾಕ್ಷಿ.

ಈಗ ಅದನ್ನ ಬೋರಲು ಹಾಕಿ ತಳ ನೋಡು. ಅಂಥ ಕಟುಕರು ಕೊನೇಲಿ ತಮ್ಮ ಹೆಸರು ಕೆತ್ತದೆ ಬಿಡಲ್ಲ. ಏನಿದೆ?... ಓದು... ಓದೋ, ನಾನೇನು ನಿನ್ನ ತಿಂತೀನಾ?...

ಇನ್ನೊಂದ್ಸಲ ಹೇಳು...

ಅಲ್ಲ... ಅದನ್ನ ಯಾಕೋ ಬೀರುವಿಂದ ಹೊರಗೆ ತೆಗೆದೆ?... ಧರ್ಮಪ್ಪ ಕೊಟ್ಟದ್ದು ಮನೇಲಿರುವಾಗ ಬೇರೆದಕ್ಕೆ ಸಿಕ್ಕಿಸಿದ್ರೆ ನನಗೆ ಅವಮಾನ ಅಂತಾನಾ? ಮದುವೆಯಾದಾಗಿಂದ ಅದರಲ್ಲೇ ಕೇಳ್ತಿದೀಯಾ?... ಹೊಸದು ತರೋಕೆ ನನ್ನ ಅಪ್ಪಣೆ ಕೇಳೋಣ ಅಂತ ಫೋನ್ ಮಾಡಿದ್ದಾ? ಅದನ್ನ ಮೊದಲೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ.

ಕೇಳು. ಆ ಆಂಪ್ಲಿಫೈಯರಲ್ಲಿ ಏನೂ ಕೊರತೆ ಇಲ್ಲ. ಅದರ ಜೊತೆ ಆರುನೂರು ಓಮಿನ ರೇಡಿಯೋ ಸ್ಟೇಷನ್ ಹೆಡ್‌ಫೋನ್ ಕೊಟ್ಟಿದ್ನಲ್ಲ, ಅದಕ್ಕೆ ಅಂತ ಕಟ್ಟಿದ್ದು. ಅದಕ್ಕೆ ವೋಲ್ಟೇಜು ಸಾಕು, ಕರೆಂಟು ಚಿಟಿಕೆ. ನಿನ್ನ ತಟ್ಟೆಗಳೇ ಸರಿಯಿಲ್ಲ. ಹೆಡ್‌ಫೋನೇ ಕೆಟ್ಟದ್ದು...

ಏನಂದೆ? ಯಾವ ಜಟ್ಟಿ?... ಅದು ಮಿಲೆಂತಿಯೆಗೆ ಹೇಳಿದ್ದು ಕಣೋ...

ಇರು, ದೆಸಾಂಕಾ ಏನೋ ಅಂತಿದಾಳೆ... ಒಂದೋ ನನಗೆ ಸೋಲ್ಡರ್ ಹಿಡಿಯೋಕೆ ಬರಲ್ಲ ಅಂತ ಒಪ್ಕೋಬೇಕಂತೆ, ಇಲ್ಲಾ ಮೀಸೆ ಹೋಗಬೇಕಂತೆ. ಈ ಹೆಂಗಸಿಗೆ ಮೆಣಸಿನಕಾಯಿ ಸುಲಿಯೋಕೆ ಕೂರಿಸಿದ್ರೆ ಲಾಯರಿಕೆ ಮಾಡ್ತಾಳೆ... ನನಗೆ ಬರಲ್ಲ ಅಂತ ಮಾತ್ರ ಯಾರ ಕೈಲೂ ಅನ್ನಿಸ್ಕೊಳ್ಳಲ್ಲ. ಬರುತ್ತೆ. ಚೆನ್ನಾಗೇ ಬರುತ್ತೆ...

ಹಾಂ, ಅಂದ್ರೆ ಏನು ಅಂತ ನನಗೂ ಗೊತ್ತಾಯ್ತು, ನೀನು ಬಿಡಿಸಿ ಹೇಳೋದು ಬೇಡ.

ನೀನು ಶನಿವಾರ ಬಾ. ಥಿಯೇಟರ್ ಮುಚ್ಚಿದಾಗ ತಂದ ಆಂಪ್ಲಿಫೈಯರ್ ನೆಲಮಾಳಿಗೆಲಿದೆ, ಎತ್ತೋಕೆ ಇಬ್ಬರು ಬೇಕು. ನಾಲ್ಕು ತಂತಿ ನಾನೇ ಬೇರೆ ಬೇರೆ ಮಾಡಿ ಕೊಡ್ತೀನಿ, ನೀನು ಕೈ ಹಾಕಬೇಡ. ಭಾನುವಾರ ಮಿಲೆಂತಿಯೆ ತಲೆಗೆ ನಿನ್ನ ತಟ್ಟೆಗಳನ್ನ ಹಾಕಿ ಡೋಲು ಬಾರಿಸು, ಅವನಿಗೆ ಅವನಪ್ಪ ಜ್ಞಾಪಕ ಬರ್ಬೇಕು. ನಾನು ಕೊಟ್ಟದ್ದನ್ನ ಬೀರುನಲ್ಲೇ ವಾಪಸ್ ಇಡು. ಅಪ್ಪಣೆ ಕೊಟ್ಟಿದೀನಿ. ಸಾಕಾ?...

ಬರೋವಾಗ ಏನೂ ತರಬೇಡ. ಕುಡಿಯೋಕೆ ಕ್ವಿನ್ಸ್ ಹಣ್ಣಿನ ರಾಕಿಯಾ ಮನೇಲೇ ಇದೆ... ಏನು ತರ್ತೀಯಾ?... ಯಾವ ಕತ್ತರಿ?... ನಿನ್ನ ಮೊದಲ ಕೂದಲು ಕತ್ತರಿಸಿದ ಕತ್ತರಿನಾ? ನಿಮ್ಮಮ್ಮ ಅದನ್ನ ಇನ್ನೂ ಜೋಪಾನವಾಗಿ ಇಟ್ಟಿದಾಳಾ?...

ಹಲೋ... ಹಲೋ, ಏನಂದೆ?... ಕೇಳಿಸ್ತಿಲ್ಲ ಕಣೋ... ಲೈನು ಸರಿಯಾಗೇ ಇದ್ಯಾ? ಹಾಗಾದ್ರೆ ನನ್ನ ಕಿವೀನೇ ಇರಬೇಕು... ಹೂಂ, ವಯಸ್ಸಾಯ್ತಲ್ಲ, ಈಗೀಗ ನನಗೆ ಏನೂ ಸರಿಯಾಗಿ ಕೇಳ್ಸ...