ಬೆಳಿಗ್ಗೆ ಎದ್ದು ಏನು ಕುಡೀತೀರಿ

ಬೋಹಿನ್ ಕಣಿವೆಯ ಸಣ್ಣ ನಿಲ್ದಾಣ. ನನ್ನ ರೈಲಿಗಿನ್ನೂ ಹೊತ್ತಿತ್ತು. ಹೊರಗಿನ ಮಂಜಿನಲ್ಲಿ ಬೆಟ್ಟವೂ ಇರಲಿಲ್ಲ, ಹಳಿಯೂ ಇರಲಿಲ್ಲ. ಎದುರು ಬೆಂಚಿನಲ್ಲಿ ನಮ್ಮೂರಲ್ಲಿ ಜೇನು ಸಾಕುವ ಲುದ್ವಿಕ್ ಕೂತಿದ್ದರು. ಪಕ್ಕದಲ್ಲಿ ಅವರದೇ ವಯಸ್ಸಿನ ಹೆಂಗಸು, ಕಾಲ ಬಳಿ ಒಂದು ಚೀಲ.

“ಬೆಳಿಗ್ಗೆ ಎದ್ದು ಏನು ಕುಡೀತೀರಿ, ಆಲ್ಬಿನಾ ಅವ್ರೇ?”

“ಯಾಕೆ?”

“ಮನೇಲಿ ತಂದಿಡ್ಬೇಕಲ್ಲ.”

“ನಾನಿನ್ನೂ ಬರ್ತೀನಿ ಅಂದಿಲ್ಲ.”

“ಅಂದಿಲ್ಲ, ನಿಜ. ಕುಡಿಯೋದೇನು ಅಂತ ಹೇಳ್ಬಹುದಲ್ಲ?”

“ಹಾಲು ಜಾಸ್ತಿ ಹಾಕಿದ ಕಾಫಿ, ದೊಡ್ಡ ಬಟ್ಟಲ ತುಂಬ. ತೀರ್ಕೊಂಡ ನಮ್ಮವ್ರಿಗೆ ಹಾಲಿಲ್ಲದ ಕಡು ಕಾಫಿ ಇಷ್ಟ. ಮೂವತ್ತು ವರ್ಷ ನಾನೂ ಅದನ್ನೇ ಕುಡಿದೆ.”

“ಬೇಡ ಅನ್ಬಾರ್ದಿತ್ತಾ?”

“ಬೇಕಾ ಅಂತ ಯಾರೂ ಕೇಳ್ಲಿಲ್ಲ.”

ಲುದ್ವಿಕ್ ಆಕೆಯ ಚೀಲವನ್ನು ನೆಲದಿಂದ ಎತ್ತಿ ಬೆಂಚಿನ ಮೇಲಿಟ್ಟರು.

“ನಿಮಗೆ?” ಆಕೆ ಕೇಳಿದರು.

“ಲಿಂಡನ್ ಹೂವಿನ ಚಹಾ. ಹಿತ್ತಲಲ್ಲೇ ಮರ ಇದೆ.”

“ಜೇನು ಹಾಕ್ಕೊಂಡು?”

“ಜೇನು ನನಗೆ ಸೇರಲ್ಲ.”

“ಏನಂದ್ರಿ!”

“ಮೆಲ್ಲಗೆ! ಊರಿಗೆ ಗೊತ್ತಾದ್ರೆ ನನ್ನ ಜೇನು ಯಾರು ಕೊಳ್ತಾರೆ?”

ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಷ್ಟರಲ್ಲಿ ಮಂಜಿನೊಳಗಿಂದ ರೈಲಿನ ದೀಪ ತೇಲಿಬಂತು. ಲುದ್ವಿಕ್ ಚೀಲ ಎತ್ತಿಕೊಟ್ಟರು. ಆಕೆ ಮೆಟ್ಟಿಲು ಹತ್ತಿ ತಿರುಗಿದರು.

“ಹಾಲು ತುಂಬ ಕಾಯಿಸ್ಬೇಡ, ಲುದ್ವಿಕ್. ಕೆನೆ ಕಟ್ಟಿದ್ರೆ ನಾನು ಕುಡಿಯಲ್ಲ.”

ಅಲ್ಲಿಯವರೆಗೆ ‘ನೀವು’ ಎನ್ನುತ್ತಿದ್ದವರು. ಲುದ್ವಿಕ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಹಾಲು ಯಾವತ್ತು ತಂದಿಡ್ಲಿ?”

“ಭಾನುವಾರ.”

ಬಾಗಿಲು ಮುಚ್ಚಿತು. ರೈಲು ಒಂದು ಕಡೆ, ಲುದ್ವಿಕ್ ಒಂದು ಕಡೆ, ಮಂಜಿನೊಳಗೆ ಹೋದರು.