ಸ್ಟೆಪ್ನಿ ಕೂರಿಸುವ ಜಾಗ ಹಾಗೂ ನಮ್ಮ ಅತ್ತೆಯವರು ಕಾಣೆಯಾದ ವಿಚಾರ

ಹೆಸರು: ಜಯಸಿಂಹ. ವಯಸ್ಸು: 61 ವರ್ಷ. ಕಸುಬು: ರೈಲು ಗಾಲಿ ತಯಾರಿಸುವ ಕಾರ್ಖಾನೆಯ ಉಗ್ರಾಣ ವಿಭಾಗದಿಂದ ನಿವೃತ್ತ. ವಾಸ: ವಿದ್ಯಾರಣ್ಯಪುರ, ಬೆಂಗಳೂರು.

ದಿನಾಂಕ 09-11-2025ರ ಭಾನುವಾರ ಸಂಜೆ ಠಾಣೆಗೆ ಹಾಜರಾಗಿ, ಹೆಡ್ ಕಾನ್ಸ್‌ಟೇಬಲ್ ವಿಜಯ್ ಕುಮಾರ್ ಅವರು ಕೇಳಿದ್ದಕ್ಕೆ ನನಗೆ ಗೊತ್ತಿರುವಷ್ಟನ್ನು ಈ ಮೂಲಕ ತಿಳಿಸುವುದೇನೆಂದರೆ:

ನಾನು ಮೇಲ್ಕಂಡ ವಿಳಾಸದಲ್ಲಿ ನನ್ನ ಹೆಂಡತಿ ಅಲಮೇಲು ಮತ್ತು ಆಕೆಯ ತಾಯಿ ಸುಬ್ಬಲಕ್ಷ್ಮಮ್ಮ, 79 ವರ್ಷ, ಇವರೊಂದಿಗೆ ವಾಸವಾಗಿರುತ್ತೇನೆ. ಈಗ ಠಾಣೆಯ ಬೆಂಚಿನ ಮೇಲೆ ಕೂರಿಸಿರುವ ಖಾದರ್ ಬಾಷಾ ಅವರು ಕೆಂಪಾಪುರದಲ್ಲಿ ವೆಲ್ಡಿಂಗ್ ಶೆಡ್ ಇಟ್ಟುಕೊಂಡಿರುವವರು. ಇವರು ನಮ್ಮ ಅತ್ತೆಯವರನ್ನು ಗಾಡಿಯೊಳಗೆ ಕೂಡಿಹಾಕಿದ್ದಾರೆಂದು ಯಾರೋ ಫೋನ್ ಮಾಡಿದ್ದರಿಂದ ಇವರನ್ನು ಇಲ್ಲಿಗೆ ಕರೆತಂದಿರುತ್ತಾರೆ. ಅದು ಸುಳ್ಳು. ಕೂಡಿಹಾಕಿದವನು ನಾನು. ಹಾಕಿದ್ದು ನನಗೂ ಗೊತ್ತಿರಲಿಲ್ಲ. ಇಷ್ಟು ಬರೆದುಕೊಂಡು ಬಾಷಾ ಅವರನ್ನು ಮನೆಗೆ ಕಳಿಸಿ ಎಂದು ಕೇಳಿಕೊಂಡೆ. ಮೊದಲಿನಿಂದ ಕ್ರಮವಾಗಿ ಹೇಳಿ ಎಂದರು. ಹೇಳುತ್ತೇನೆ, ಆದರೆ ಸ್ಟೆಪ್ನಿ ವಿಷಯ ಬಿಟ್ಟು ಹೇಳಲು ಬರುವುದಿಲ್ಲ.

ಕಳೆದ ಸೆಪ್ಟೆಂಬರ್ ತಿಂಗಳಲ್ಲಿ ನಾನು ಬಾಷಾ ಅವರ ಶೆಡ್ಡಿನಲ್ಲಿ ಒಂದು ಪುಟ್ಟ ಕ್ಯಾಂಪರ್ ಟ್ರೈಲರ್ ಮಾಡಿಸಿರುತ್ತೇನೆ. ಎರಡು ಚಕ್ರದ್ದು, ಕಾರಿನ ಹಿಂದೆ ಕೊಂಡಿ ಹಾಕಿ ಎಳೆಯುವಂಥದ್ದು. ಒಳಗೆ ಇಬ್ಬರು ಮಲಗುವ ಹಾಸಿಗೆ, ಹಿಂಭಾಗದಲ್ಲಿ ಬಾಗಿಲು, ಬಾಗಿಲ ಪಕ್ಕಕ್ಕೆ ಬ್ಯಾಗು ಇಡಲು ಒಂದು ಅಡ್ಡ ಹಲಗೆ, ಅದಕ್ಕೊಂದು ಪರದೆ. ಇದೆಲ್ಲ ಸಲೀಸಾಗಿ ಮುಗಿಯಿತು. ಸ್ಟೆಪ್ನಿ ಟೈರ್ ಒಂದು ಉಳಿಯಿತು. ಅದನ್ನು ಎಲ್ಲಿ ಕೂರಿಸಬೇಕು ಎಂಬುದು ಮಾತ್ರ ತೀರ್ಮಾನವಾಗಲಿಲ್ಲ.

ಚಾವಣಿಯ ಮೇಲೆ ಇಟ್ಟರೆ ಇಳಿಸುವವರು ಯಾರು. ಗಾಡಿಯ ಕೆಳಗೆ ಕಟ್ಟಿದರೆ ಬಿಚ್ಚಲು ರಸ್ತೆಯಲ್ಲಿ ಅಂಗಾತ ಮಲಗಬೇಕು, ನನ್ನ ಹೊಟ್ಟೆ ಒಪ್ಪುವುದಿಲ್ಲ. ಮುಂದೆ ಕೊಂಡಿಯವರೆಗೆ ಚಾಚಿಕೊಂಡಿರುವ ಕಬ್ಬಿಣದ ತೊಲೆಯ ಮೇಲೆ ಇಡಬಹುದು. ಎತ್ತಿನ ಗಾಡಿಗೆ ಇದ್ದ ಹಾಗೆ ಇದೆಯೆಂದು ಬಾಷಾ ಅವರು ಅದಕ್ಕೆ ಮೂಕಿ ಎನ್ನುತ್ತಾರೆ. ಅಲ್ಲಿಟ್ಟರೆ ಮೂಕಿ ಭಾರವಾಗಿ, ಅದನ್ನೆತ್ತಿ ಕಾರಿಗೆ ಸಿಕ್ಕಿಸುವಾಗ ನನ್ನ ಸೊಂಟ ಹಿಡಿದುಕೊಳ್ಳುತ್ತದೆ. ಹಿಂದಿನ ಬಾಗಿಲಿಗೆ ಹಾಕಿದರೆ ನೋಡಲು ಜೀಪಿನ ಹಾಗೆ ಚೆನ್ನ, ಆದರೆ ಹಿಂದೆ ಭಾರ ಹೆಚ್ಚಾದರೆ ಓಡುವಾಗ ಗಾಡಿ ಬಾಲ ಆಡಿಸುತ್ತದೆ. ಎರಡು ತಿಂಗಳು ಇದೇ ಮಾತು. ಊಟಕ್ಕೆ ಕೂತಾಗಲೂ ತಟ್ಟೆಯಂಚಿನಲ್ಲಿ ಉಪ್ಪಿನಕಾಯಿಯನ್ನು ಸ್ಟೆಪ್ನಿ ಮಾಡಿ ಜಾಗ ನೋಡುತ್ತಿದ್ದೆ. ಕೆಲಸದಲ್ಲಿರುವಷ್ಟು ಕಾಲವೂ ಗಾಲಿಗಳ ಮಧ್ಯೆ ಇದ್ದ ಮನುಷ್ಯನಿಗೆ ಒಂದು ಗಾಲಿ ಇಡಲು ಜಾಗ ಗೊತ್ತಾಗಲಿಲ್ಲವಲ್ಲ ಎಂದು ಅಲಮೇಲು ಆಡಿಕೊಳ್ಳುತ್ತಿದ್ದಳು. ಇದು ಹೇಳಿಕೆಗೆ ಬೇಡವಾದರೆ ತೆಗೆದುಹಾಕಬಹುದು.

ಕಡೆಗೆ ಮೊನ್ನೆ ಶುಕ್ರವಾರ ಹಿಂದಿನ ಬಾಗಿಲೇ ಸರಿಯೆಂದು ನಾನೂ ಬಾಷಾ ಅವರೂ ತೀರ್ಮಾನಿಸಿದೆವು. ಬಾಷಾ ಅವರು ಬಾಗಿಲಿಗೆ ಅಡ್ಡಲಾಗಿ ತೆಗೆದು ಹಾಕುವಂತೆ ಒಂದು ಕಬ್ಬಿಣದ ತೋಳು ಮಾಡಿ, ಅದಕ್ಕೆ ಸ್ಟೆಪ್ನಿ ಬಿಗಿದು, ತೋಳು ಕದಲದಂತೆ ಹೊರಗಿನಿಂದ ಒಂದು ಪಿನ್ನು ಕೊಟ್ಟರು. ಶೆಡ್ಡಿನಲ್ಲಿದ್ದ, ಮನುಷ್ಯರ ತೂಕ ನೋಡುವ ಮಿಷನ್ನನ್ನು ಮೂಕಿಯ ಕೆಳಗಿಟ್ಟು ನೋಡಿದಾಗ 38 ಕೆಜಿ ತೋರಿಸಿತು. ಇದು ಮೂಕಿಗೆ ಹದವಾದ ತೂಕ, ಕಣ್ಣು ಮುಚ್ಚಿಕೊಂಡು ಓಡಿಸಬಹುದು ಎಂದು ಬಾಷಾ ಅವರು ಹೇಳಿದರು. ನಾನು ಗಾಡಿಯನ್ನು ಮನೆಗೆ ತಂದು ಗೇಟಿನ ಮುಂದೆ ನಿಲ್ಲಿಸಿದೆ.

ಶನಿವಾರ ಅಲಮೇಲು ಅದನ್ನು ನೋಡಿ, ಆ ತೋಳು ಹಾಕಿದರೆ ಒಳಗಿರುವವರು ಹೊರಗೆ ಬರುವುದು ಹೇಗೆ ಎಂದು ಕೇಳಿದಳು. ಒಳಗೆ ನಾವಿಬ್ಬರೇ ಇರುವಾಗ ಹೊರಗಿನಿಂದ ಪಿನ್ನು ಹಾಕಲು ಯಾರು ಬರುತ್ತಾರೆ ಎಂದು ನಾನು ರೇಗಿದೆ. ಆಕೆ ಹಾಗೆ ಕೇಳಿದ್ದು ನಿಜ. ಇವತ್ತು ಅದನ್ನು ಹಲವು ಸಲ ನೆನಪಿಸಿರುತ್ತಾಳೆ. ಆಕೆಯ ಸಮಾಧಾನಕ್ಕೆ ಭಾನುವಾರ ಬಾಷಾ ಅವರ ಹತ್ತಿರ ಮತ್ತೊಮ್ಮೆ ಹೋಗಿ ಬರುತ್ತೇನೆಂದು ಒಪ್ಪಿದೆ.

ಅದೇ ರಾತ್ರಿ ಊಟದ ಹೊತ್ತಿನಲ್ಲಿ ನಡೆದ ಒಂದು ಮಾತನ್ನು ಇಲ್ಲಿ ಹೇಳಬೇಕಾಗಿದೆ. ಮುಂದಿನ ವಾರ ನಾನು ಮತ್ತು ಅಲಮೇಲು ಈ ಗಾಡಿಯಲ್ಲಿ ಆಂಧ್ರದ ಗಂಡಿಕೋಟಕ್ಕೆ ಐದು ದಿನ ಹೋಗುವುದೆಂದೂ, ಅತ್ತೆಯವರನ್ನು ಅಷ್ಟು ದಿನ ಆರ್.ಟಿ. ನಗರದಲ್ಲಿರುವ ಅವರ ಕಿರಿಯ ಮಗಳ ಮನೆಯಲ್ಲಿ ಬಿಡುವುದೆಂದೂ ಮಾತಾಗಿತ್ತು. ಅತ್ತೆಯವರು ಗೌರಿಬಿದನೂರಿನಲ್ಲಿ ಹುಟ್ಟಿ ಬೆಳೆದವರು. ಅವರ ಊರಿನ ಪಿನಾಕಿನಿ ನದಿಯೇ ಮುಂದೆ ಹರಿದು ಗಂಡಿಕೋಟದ ಹತ್ತಿರ ಬಂಡೆಗಳ ನಡುವೆ ತುಂಬಿ ನಿಲ್ಲುತ್ತದೆ. ಊರಿನಲ್ಲಂತೂ ಈಗ ಮರಳು ಬಿಟ್ಟರೆ ಏನಿಲ್ಲ, ಅಲ್ಲಿ ನೀರಿದೆಯೇ ಎಂದು ಅವರು ಕೇಳಿದರು. ಇದೆ ಎಂದೆ. ಗಾಡಿಯಲ್ಲಿ ಎಷ್ಟು ಜನ ಮಲಗಬಹುದು ಎಂದು ಕೇಳಿದರು. ಆಗ ನನ್ನ ತಲೆಯಲ್ಲಿ ಬೇರೆಯೇ ಯೋಚನೆ ಇತ್ತು.

"ಸ್ಟೆಪ್ನಿಗೇ ಜಾಗ ಸಿಕ್ತಿಲ್ಲ ಅತ್ತೆ, ಇನ್ನು ನಿಮಗೆಲ್ಲಿಂದ ತರ್ಲಿ" ಎಂದುಬಿಟ್ಟೆ.

ಅವರು ಮಜ್ಜಿಗೆ ಅನ್ನ ಮುಗಿಸಿ ಎದ್ದರು.

ಭಾನುವಾರ ಬೆಳಿಗ್ಗೆ ಸುಮಾರು ಎಂಟೂವರೆಗೆ ನಾನು ಹೊರಟೆ. ಗಾಡಿಯ ಹಿಂದಿನ ಬಾಗಿಲು ಸರಿಯಾಗಿ ಹಾಕಿಕೊಂಡಿರಲಿಲ್ಲ. ರಾತ್ರಿ ನಾನೇ ಮರೆತಿರಬೇಕೆಂದು ಬಾಗಿಲು ತಳ್ಳಿ, ಸ್ಟೆಪ್ನಿ ಸಮೇತ ತೋಳನ್ನು ಅಡ್ಡ ತಂದು ಪಿನ್ನು ಹಾಕಿದೆ. ಒಳಗೆ ಇಣುಕಲಿಲ್ಲ. ಮೂಕಿ ಎತ್ತಿದಾಗ ಹೂವಿನಷ್ಟು ಹಗುರವಾಗಿತ್ತು. ನನ್ನ ಸೊಂಟ ವಾಸಿಯಾಗಿದೆ ಎಂದುಕೊಂಡು ಸಂತೋಷಪಟ್ಟೆ.

ಕೊಡಿಗೇಹಳ್ಳಿ ದಾಟಿ ಏರ್‌ಪೋರ್ಟ್ ರಸ್ತೆಯ ಪಕ್ಕದ ಸರ್ವಿಸ್ ರಸ್ತೆಗೆ ಬಂದ ಮೇಲೆ ಗಾಡಿ ಬಾಲ ಆಡಿಸತೊಡಗಿತು. ಎಡಕ್ಕೆ, ಬಲಕ್ಕೆ. ಶುಕ್ರವಾರ ಇದೇ ರಸ್ತೆಯಲ್ಲಿ ನೆಟ್ಟಗೆ ಬಂದದ್ದು ಇವತ್ತು ಯಾಕೆ ಹೀಗೆ ಎಂದು ಅರ್ಥವಾಗಲಿಲ್ಲ. ವೇಗ ಇಳಿಸಿ, ಹಿಂದಿನವರ ಹಾರ್ನ್ ಕೇಳಿಸಿಕೊಂಡು, ಒಂಬತ್ತೂ ಕಾಲರ ಸುಮಾರಿಗೆ ಕೆಂಪಾಪುರದ ಶೆಡ್ ಸೇರಿದೆ.

ಬಾಷಾ ಅವರು ಮೂಕಿಯ ಕೆಳಗೆ ತೂಕದ ಮಿಷನ್ ಇಟ್ಟರು. 18 ಕೆಜಿ ಬಂತು. ಅದೇ ಗಾಡಿ, ಅದೇ ಸ್ಟೆಪ್ನಿ, ಅದೇ ಜಾಗ. ಇಪ್ಪತ್ತು ಕೆಜಿ ಎಲ್ಲಿ ಹೋಯಿತು. ಮಿಷನ್ ಕೆಟ್ಟಿದೆ ಎಂದು ನಾನೆಂದೆ. ಬಾಷಾ ಅವರು ಅದರ ಮೇಲೆ ನಿಂತರು, ಅವರ ತೂಕ ಸರಿಯಾಗಿಯೇ ಇತ್ತು. ನಾನು ನಿಂತೆ, ಅದೂ ಬೇಡವಾದಷ್ಟು ಸರಿಯಾಗಿತ್ತು. ನೆಲ ಓರೆಯಿದೆಯೆಂದು ಗಾಡಿಯನ್ನು ತಿರುಗಿಸಿ ನಿಲ್ಲಿಸಿದೆವು. ಮತ್ತೆ 18. ಬಾಷಾ ಅವರು ಗಾಡಿಗೆ ಎರಡು ಸುತ್ತು ಹಾಕಿ ಬಂದರು.

"ಸಾರ್, ಮಿಷನ್ ಸರಿ ಇದೆ. ನಾವೇ ಏನೋ ಮರ್ತಿದೀವಿ" ಎಂದರು.

ಏನು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಬಾಗಿಲು ತೆಗೆದು ನೋಡೋಣವೆಂದು ಇಬ್ಬರಲ್ಲಿ ಒಬ್ಬರೂ ಹೇಳಲಿಲ್ಲ. ಒಳಗೆ ಹಾಸಿಗೆ ಬಿಟ್ಟು ಏನೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹಿಂದೆ ಭಾರ ಹೆಚ್ಚಾಗಿದೆ, ಹಾಗಾಗಿ ಸ್ಟೆಪ್ನಿಯನ್ನು ಮುಂದಕ್ಕೆ, ಮೂಕಿಯ ಮೇಲೆ ಹಾಕುವುದೇ ಸರಿ ಎಂದು ತೀರ್ಮಾನಿಸಿದೆವು. ಹಿಂದಿನ ಸ್ಟೆಪ್ನಿಯ ನಟ್ಟು ಬಿಚ್ಚಿ ಟೈರ್ ಮಾತ್ರ ತೆಗೆದೆವು. ಕಬ್ಬಿಣದ ತೋಳು ಪಿನ್ನಿನ ಸಮೇತ ಬಾಗಿಲಿಗೆ ಅಡ್ಡಲಾಗಿಯೇ ಉಳಿಯಿತು. ಗ್ರೈಂಡರ್ ಹಿಡಿದು, ಮೂಕಿಯ ಮೇಲೆ ಪಟ್ಟಿ ಕೂರಿಸಿ, ಬೆಸೆದು, ಸ್ಟೆಪ್ನಿಯನ್ನು ಅಲ್ಲಿಗೆ ಬಿಗಿದಾಗ 36 ಬಂತು. ಬಾಷಾ ಅವರ ಮುಖ ಅರಳಿತು. ನಾವಿಬ್ಬರೂ ಕೈ ಕುಲುಕಿದ್ದು ನಿಜ. ಎರಡು ತಿಂಗಳ ಗೊಂದಲ ಬಗೆಹರಿಯಿತೆಂದು ಅವರ ಹೆಂಡತಿ ತಾಹೆರಾ ಅವರು ಚಹಾ ತಂದುಕೊಟ್ಟರು.

ಗ್ರೈಂಡರ್ ಸದ್ದಿನಲ್ಲಿ ಕಾರಿನೊಳಗಿದ್ದ ನನ್ನ ಫೋನ್ ಕೇಳಿಸಿರಲಿಲ್ಲ. ಹನ್ನೊಂದೂವರೆಗೆ ತೆಗೆದು ನೋಡಿದರೆ ಅಲಮೇಲು ಮೇಲಿಂದ ಮೇಲೆ ಕರೆ ಮಾಡಿದ್ದಳು. ಅಮ್ಮ ಮನೆಯಲ್ಲಿಲ್ಲ, ದೇವಸ್ಥಾನದಲ್ಲಿಲ್ಲ, ಚಪ್ಪಲಿಯೂ ಇಲ್ಲ ಎಂದು ಅಳುತ್ತಿದ್ದಳು. ಬೆಸೆದ ಜಾಗಕ್ಕೆ ಬಳಿದ ಬಣ್ಣ ಒಣಗಲೆಂದು ಗಾಡಿಯನ್ನು ಶೆಡ್ಡಿನಲ್ಲೇ ಬಿಟ್ಟು ನಾನು ಕಾರಿನಲ್ಲಿ ಮನೆಗೆ ಓಡಿದೆ. ಬಸ್ ನಿಲ್ದಾಣ, ಪಾರ್ಕು, ತರಕಾರಿ ಅಂಗಡಿ, ಎಲ್ಲ ಕಡೆ ಕೇಳಿದೆವು. ರಾತ್ರಿ ನಾನಾಡಿದ ಮಾತು ನನಗೆ ಆಗ ನೆನಪಾಯಿತು. ಅಲಮೇಲುಗೂ ಆಗಿರಬೇಕು. ನಮ್ಮ ಕಡೆಯ ಠಾಣೆಯಲ್ಲಿ ಕಾಣೆಯಾದ ಬಗ್ಗೆ ದೂರನ್ನು ಅಲಮೇಲುವೇ ಬರೆದುಕೊಟ್ಟಳು.

ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ. ತಾಹೆರಾ ಅವರು ಮತ್ತು ಅತ್ತೆಯವರು ಹೇಳಿದ್ದರಿಂದ ತಿಳಿದದ್ದು.

ಶನಿವಾರ ರಾತ್ರಿಯೆಲ್ಲ ಅತ್ತೆಯವರಿಗೆ ನಿದ್ದೆ ಬಂದಿರಲಿಲ್ಲ. ಬೆಳಗಾಗುತ್ತಲೇ ತಮ್ಮ ದಿಂಬು, ಹೊದಿಕೆ, ಕುಡಿಯುವ ನೀರಿನ ಚೊಂಬು ಹಿಡಿದು, ತಮಗೆ ಜಾಗ ಸಾಲುತ್ತದೆಯೇ ನೋಡೋಣವೆಂದು ಗಾಡಿ ಹತ್ತಿದರು. ಬ್ಯಾಗಿನ ಹಲಗೆಯ ಮೇಲೆ ಮಲಗಿ ನೋಡಿದರು. ಅವರು 42 ಕೆಜಿ ಇರುವ ಸಣ್ಣ ಆಳು, ಸರಿಹೋಯಿತು. ಬೆಳಕು ಬೀಳದಿರಲೆಂದು ಪರದೆ ಎಳೆದು, ಕಿವಿಯ ಮಿಷನ್ ತೆಗೆದಿಟ್ಟು, ಹಾಗೆಯೇ ನಿದ್ದೆ ಹೋದರು. ಕಿವಿಯ ಮಿಷನ್ ಇಲ್ಲದಿದ್ದರೆ ಅವರಿಗೆ ಪಕ್ಕದಲ್ಲಿ ಕುಕ್ಕರ್ ಕೂಗಿದರೂ ಕೇಳಿಸುವುದಿಲ್ಲ.

ಗಾಡಿ ಚಲಿಸಿದ್ದು ಅವರಿಗೆ ಎಚ್ಚರವಾಗಿ ಗೊತ್ತಾಗಿದೆ. ಹಾಗಿದ್ದರೆ ಬಾಗಿಲು ಯಾಕೆ ಬಡಿಯಲಿಲ್ಲ ಎಂದು ಇದೇ ಠಾಣೆಯಲ್ಲಿ ಅವರನ್ನು ಕೇಳಲಾಯಿತು. ಅಳಿಯ ನೋಡಿ, ಸುಮ್ಮನೆ ನನ್ನನ್ನೂ ಕರೆದುಕೊಂಡು ಹೊರಟಿದ್ದಾನೆ ಎಂದುಕೊಂಡೆ ಎಂದರು. ಬಡಿದರೆ ಎಲ್ಲಿ ಇಳಿಸಿಬಿಡುತ್ತಾರೋ ಎಂದು ಉಸಿರು ಬಿಗಿಹಿಡಿದು ಮಲಗಿದ್ದರಂತೆ. ಗಾಡಿ ತೊಟ್ಟಿಲಿನ ಹಾಗೆ ತೂಗುತ್ತಿತ್ತು, ಹಿತವಾಗಿತ್ತು, ಮತ್ತೆ ನಿದ್ದೆ ಬಂತು ಎಂದರು. ಇದನ್ನು ಕೇಳುವಾಗ ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ.

ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಅವರಿಗೆ ಪೂರ್ತಿ ಎಚ್ಚರವಾಗಿ, ಗಾಡಿ ಬಹಳ ಹೊತ್ತಿನಿಂದ ನಿಂತಿದ್ದರಿಂದ ಊರು ಬಂತೆಂದು ತಿಳಿದು, ಚೊಂಬಿನಿಂದ ಬಾಗಿಲು ಕುಟ್ಟಿದರು. ತಾಹೆರಾ ಅವರಿಗೆ ಕೇಳಿಸಿತು. ಬಾಷಾ ಅವರು ಓಡಿಬಂದು ಪಿನ್ನು ಕಿತ್ತು ಬಾಗಿಲು ತೆಗೆದರು. ಅಷ್ಟರಲ್ಲಿ ರಸ್ತೆಯಲ್ಲಿ ಜನ ಸೇರಿ ಫೋನಿನಲ್ಲಿ ವಿಡಿಯೊ ಹಿಡಿಯುತ್ತಿದ್ದರು. ಅತ್ತೆಯವರು ಇಳಿದು, ಶೆಡ್ಡನ್ನೂ ಕಬ್ಬಿಣದ ರಾಶಿಯನ್ನೂ ನೋಡಿ, ತಾಹೆರಾ ಅವರನ್ನು ಕೇಳಿದ್ದು ಒಂದೇ ಮಾತು.

"ನದಿ ಎಲ್ಲಮ್ಮ?"

ಇದನ್ನು ಕೇಳಿದ ಜನ ಮುದುಕಿಗೆ ಏನೋ ಕುಡಿಸಿದ್ದಾರೆ ಎಂದರು. ತಾಹೆರಾ ಅವರು ಕಿವಿಯ ಮಿಷನ್ ಹುಡುಕಿ ಹಾಕಿದ ಮೇಲೆ, ಕೂಡಿಹಾಕಿದ್ದು ಯಾರೆಂದು ಜನ ಕೇಳಿದ್ದಕ್ಕೆ ಅತ್ತೆಯವರು, ಮಲಗಿದ್ದೆ, ಗೊತ್ತಿಲ್ಲ ಎಂದರು. ಈ ಮನುಷ್ಯ ನಿಮಗೆ ಪರಿಚಯವೇ ಎಂದಿದ್ದಕ್ಕೆ ಇಲ್ಲ ಎಂದರು. ಅದೂ ನಿಜ. ಬಾಷಾ ಅವರು ನಮ್ಮ ಮನೆಗೆ ಬಂದವರಲ್ಲ, ಯಾವಾಗಲೂ ನಾನೇ ಅವರಲ್ಲಿಗೆ ಹೋಗುತ್ತಿದ್ದೆ. ಅವರನ್ನು ಒಂದು ದಿನ ಕಾಫಿಗೆ ಕರೆದಿದ್ದರೆ ಈ ಬೆಂಚಿನ ಮೇಲೆ ಕೂರುವ ಪ್ರಸಂಗ ಬರುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ, ನಾಚಿಕೆಯಾಗುತ್ತದೆ. ಪೊಲೀಸರು ಬರುವವರೆಗೆ ತಾಹೆರಾ ಅವರು ಅತ್ತೆಯವರನ್ನು ನೆರಳಿನಲ್ಲಿ ಕೂರಿಸಿ, ಎಳನೀರು ತರಿಸಿಕೊಟ್ಟಿರುತ್ತಾರೆ.

ಠಾಣೆಯಿಂದ ಫೋನ್ ಬಂದು ನಾನು ಮತ್ತು ಅಲಮೇಲು ಕೆಂಪಾಪುರಕ್ಕೆ ಬಂದೆವು. ಅಲಮೇಲು ಅಮ್ಮನನ್ನು ತಬ್ಬಿಕೊಂಡಳು. ಗಾಡಿಯನ್ನು ಠಾಣೆಗೆ ತನ್ನಿ ಎಂದಿದ್ದರಿಂದ ನಾನು ಮೂಕಿ ಎತ್ತಲು ಹೋದೆ. ಬೆಳಿಗ್ಗೆ ಹೂವಿನಂತಿದ್ದದ್ದು ಈಗ ಕದಲಲಿಲ್ಲ. ಬಾಷಾ ಅವರು ಕಾನ್ಸ್‌ಟೇಬಲ್ ಪಕ್ಕದಲ್ಲೇ ನಿಂತಿದ್ದರು. ಕಾನ್ಸ್‌ಟೇಬಲ್ ಅನುಮತಿ ಕೇಳಿ ತೂಕದ ಮಿಷನ್ ಇಟ್ಟರು. 56 ಬಂತು. ಇಬ್ಬರೂ ಮಿಷನ್ ನೋಡಿದೆವು, ಆಮೇಲೆ ಅತ್ತೆಯವರನ್ನು ನೋಡಿದೆವು. ಬೆಳಿಗ್ಗೆ ಕಳೆದುಹೋದ ಇಪ್ಪತ್ತು ಕೆಜಿ ನೆರಳಿನಲ್ಲಿ ಕೂತು ಎಳನೀರು ಕುಡಿಯುತ್ತಿತ್ತು. ಅವರು ಚಕ್ರಗಳಿಂದ ಹಿಂದೆ ಮಲಗಿದ್ದರಿಂದ ತಕ್ಕಡಿಯ ಹಾಗೆ ಮುಂದೆ ಹಗುರವಾಗಿತ್ತು. ಅವರ ಭಾರ ಸರಿದೂಗಿಸಲು ನಾವು ಸ್ಟೆಪ್ನಿ ಮುಂದಕ್ಕೆ ಹಾಕಿದ್ದೆವು. ಇದು ಗೊತ್ತಿಲ್ಲದೆ ಆದದ್ದೇ ಹೊರತು ಬಾಷಾ ಅವರದು ಎಳ್ಳಷ್ಟೂ ತಪ್ಪಿಲ್ಲ.

ಈ ಹೇಳಿಕೆ ಬರೆಯುವಾಗ ಅತ್ತೆಯವರು ಎದ್ದು ಬೆಂಚಿನ ಹತ್ತಿರ ಹೋಗಿ, ಬಾಷಾ ಅವರ ಪಕ್ಕದಲ್ಲಿ ಕುಳಿತರು. ಸ್ಟೆಪ್ನಿಯನ್ನು ಮತ್ತೆ ಹಿಂದಕ್ಕೆ ಹಾಕುತ್ತೀರಾ ಎಂದು ಕೇಳಿದರು.

"ನೀವು ಇಲ್ದಿದ್ರೆ ಹಿಂದೆ ಹಾಕ್ಬೇಕಮ್ಮ. ನೀವು ಇದ್ರೆ ಈಗ ಎಲ್ಲಿದೆಯೋ ಅಲ್ಲೇ ಸರಿ" ಎಂದು ಬಾಷಾ ಅವರು ಹೇಳಿದರು. ಹೇಳಿ ನನ್ನ ಕಡೆ ನೋಡಿದರು.

ಎಳೆಯುತ್ತಿರುವ ಗಾಡಿಯಲ್ಲಿ ಮನುಷ್ಯರು ಇರುವಂತಿಲ್ಲ, ಅಮ್ಮ ಕಾರಿನಲ್ಲೇ ಕೂರಬೇಕು ಎಂದು ವಿಜಯ್ ಕುಮಾರ್ ಅವರು ಎಚ್ಚರಿಸಿದರು. ಹಾಗಾದರೆ ಹಿಂದಿನ ಭಾರಕ್ಕೆ ಏನು ಮಾಡುವುದು ಎಂದು ನನಗೆ ಮತ್ತೆ ಗೊಂದಲವಾಯಿತು. ಅಲಮೇಲು ಮಧ್ಯೆ ಬಂದು, ಅಮ್ಮ ಐದು ದಿನಕ್ಕೆ ಹೊರಟರೆ ಕಟ್ಟುವ ಗಂಟೇ ಅಷ್ಟು ತೂಗುತ್ತದೆ, ಹಲಗೆಯ ಮೇಲೆ ಅದನ್ನಿಟ್ಟರಾಯಿತು, ರಾತ್ರಿ ಅದನ್ನಿಳಿಸಿ ಅಮ್ಮ ಮಲಗುತ್ತಾಳೆ ಎಂದಳು. ಬಾಗಿಲಿನ ಕಬ್ಬಿಣದ ತೋಳನ್ನು ನಾಳೆಯೇ ಕತ್ತರಿಸಿ ತೆಗೆಯುವುದಾಗಿ ಬಾಷಾ ಅವರು ಒಪ್ಪಿರುತ್ತಾರೆ.

ಯಾರ ಮೇಲೂ ನನ್ನದು ಯಾವ ದೂರೂ ಇಲ್ಲ. ಬಾಷಾ ಅವರನ್ನು ನನ್ನ ಕಾರಿನಲ್ಲೇ ಮನೆಗೆ ಬಿಡಲು ಅನುಮತಿ ಕೋರುತ್ತೇನೆ. ಸದರಿ ಸ್ಟೆಪ್ನಿಯು ಮೂಕಿಯ ಮೇಲೆಯೇ ಇರುತ್ತದೆ. ನಮ್ಮ ಅತ್ತೆಯವರು ನಮ್ಮ ಜೊತೆ ಬರುತ್ತಾರೆ.

ಮೇಲೆ ಬರೆಸಿದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ನನ್ನ ಅರಿವಿಗೆ ಬಂದಷ್ಟು ಸತ್ಯವಾಗಿದೆ.

ಸ್ಥಳ: ಬೆಂಗಳೂರು
ದಿನಾಂಕ: 09-11-2025

ಸಹಿ/-
ಜಯಸಿಂಹ

ಓದುವಾಗ ಹಾಜರಿದ್ದು ಕೇಳಿಸಿಕೊಂಡವರು:
ಸಹಿ/-
ಸುಬ್ಬಲಕ್ಷ್ಮಮ್ಮ (ಕಿವಿಯ ಮಿಷನ್ ಹಾಕಿಕೊಂಡು)